ವಾಲ್ವಿನ ನಡುಕ

ಗಿಟಾರಿನ ಸ್ವರವನ್ನು ಹಳೆಯ ಆಂಪ್ಲಿಫೈಯರಿನಂತೆ ನಡುಗಿಸುವ, ಕಾಲಿನಲ್ಲಿ ಒತ್ತುವ ಪೆಡಲ್ ಡಬ್ಬಿಯೊಂದನ್ನು ನನ್ನ ಮಗಳು ಲವಿಟಾ ಮಾಡಿದ್ದಳು. ಆರ್ಕೆಸ್ಟ್ರಾದ ಗಿಟಾರ್ ವಾದಕ ಡೆನ್ಜಿಲ್ ಒಪ್ಪಿದರೆ ಊರಿನ ವಾದಕರೆಲ್ಲ ಕೊಳ್ಳುತ್ತಿದ್ದರು. ಅವನು ನುಡಿಸಿ ನೋಡಿ, ಅದನ್ನು ಬೂಟಿನಿಂದ ಆಚೆ ತಳ್ಳಿದ.

"ಎಂತ ಮಾರಾಯ್ತಿ ಇದು? ಚಳಿಜ್ವರ ಬಂದ ಕೋಳಿಯ ಹಾಗೆ ನಡುಗ್ತದಲ್ಲಾ!"

"ನಿಮ್ಮ ಆಂಪ್ಲಿಫೈಯರೂ ಹೀಗೇ ಅಲ್ವಾ ಅಂಕಲ್?"

"ಅದು ನನ್ನಪ್ಪನ ಕಾಲದ್ದು. ಒಳಗೆ ಉರಿಯುವ ಗಾಜಿನ ವಾಲ್ವಿನ ನಡುಕ. ಕೇಳು!" ಎಂದು ತನ್ನದರಲ್ಲಿ ನುಡಿಸಿದ. "ರೋಮ ನಿಂತಿತಾ? ಹೋದ ಮಳೆಗಾಲ ನಿನ್ನಪ್ಪ ರಿಪೇರಿ ಮಾಡಿದ ಮೇಲೆ ಮತ್ತೂ ಜೀವ ಬಂದಿದೆ. ನಿನ್ನ ಡಬ್ಬಿಗೆ ಉಂಟಾ ಅದು?"

ನಾನು ಸ್ಕ್ರೂ ತಿರುಗಿಸಿ, ಅವನ ಆಂಪ್ಲಿಫೈಯರಿನ ಹಿಂದಿನ ಹಲಗೆ ಬಿಚ್ಚಿದೆ. ರಿಪೇರಿಯ ಹೊತ್ತಿಗೆ ಹೊಸ ವಾಲ್ವ್ ಸಿಗದೆ ನಾನು ಅದರ ಬದಲಿಗೆ ಕೂರಿಸಿದ್ದ, ಲವಿಟಾಳ ಮೊದಲ ಪೆಡಲ್ ಒಳಗಿತ್ತು.