ಹದಿನಾಲ್ಕು ಗುಳಿಯ ಬಲಿಪೀಠ

ಬೈಬಲಿನಲ್ಲಿ ಒಂದೇ ಒಂದು ಸಲ ಹೆಸರು ಬರುವ ಆ ಗುಡ್ಡಕ್ಕೆ ಪ್ರವಾಸಿಗರು ಹತ್ತುವುದೇ ಅಪರೂಪ. ಮಂಗಳೂರಿನಿಂದ ತಂಡ ಕಟ್ಟಿಕೊಂಡು ಬಂದಿದ್ದ ಪಾದ್ರಿ ಅಯ್ಯನವರು ಹಗ್ಗದಾಚೆಯ ಚಪ್ಪಡಿಕಲ್ಲನ್ನು ತೋರಿಸಿದರು.

"ಎರಡು ಸಾಲು, ಏಳೇಳು ಗುಳಿ. ಯಾಜಕರು ಧಾನ್ಯ ಅರ್ಪಿಸುತ್ತಿದ್ದ ಬಲಿಪೀಠ ಇದು. ಹಗ್ಗ ದಾಟಿದವರಿಗೆ ನಾಳೆ ಬೇತ್ಲೆಹೇಮ್ ಇಲ್ಲ, ಹೋಟೆಲಿನಲ್ಲೇ ಕೂರಬೇಕು."

ಪಕ್ಕದಲ್ಲಿದ್ದ ಮುದಿ ಕಾವಲುಗಾರ ಗಂಭೀರವಾಗಿ ತಲೆಯಾಡಿಸಿದ.

ಗ್ರೇಟಾಬಾಯಿ ಬೇತ್ಲೆಹೇಮ್ ನೋಡಲೆಂದೇ ಹನ್ನೆರಡು ವರ್ಷ ಕಾದವರು. ಆದರೂ ಬಾಯಿ ಸುಮ್ಮನಿರಬೇಕಲ್ಲ, ನಾದಿನಿಯ ಕಿವಿಯಲ್ಲಿ ಹೇಳಿಯೇಬಿಟ್ಟರು: "ಬಲಿಪೀಠವೂ ಇಲ್ಲ, ಎಂಥದೂ ಇಲ್ಲ. ಇದು ಹರಳು ಹಾಕಿ ಆಡುವ ಚೆನ್ನೆಮಣೆ ಮಾರಾಯ್ತಿ."

"ಸುಮ್ಮನಿರಿ ಅತ್ತಿಗೆ. ಅಯ್ಯನವರು ಓದಿದವರು."

"ನಾನು ಆಟಿ ತಿಂಗಳ ಮಳೆಯಿಡೀ ಮನೆಯೊಳಗೆ ಕೂತು ಇದನ್ನೇ ಆಡಿದವಳು. ಬಾ, ಆಡಿ ತೋರಿಸುತ್ತೇನೆ."

ತಂಡ ಬಸ್ಸಿನತ್ತ ಇಳಿಯುತ್ತಿದ್ದಂತೆ ಇಬ್ಬರೂ ಹಗ್ಗದಡಿ ನುಸುಳಿದರು. ಗುಳಿಗೆ ನಾಲ್ಕರಂತೆ ಹರಳುಕಲ್ಲು ತುಂಬಿ ಆಟಕ್ಕೆ ಕೂತರು. ಗ್ರೇಟಾಬಾಯಿ ಇನ್ನೇನು ಗೆಲ್ಲಬೇಕು, ಕಾವಲುಗಾರನ ನೆರಳು ಕಲ್ಲಿನ ಮೇಲೆ ಬಿತ್ತು.

"ಹೋಯ್ತು ಅತ್ತಿಗೆ, ನಿಮ್ಮ ಬೇತ್ಲೆಹೇಮ್," ಎಂದಳು ನಾದಿನಿ.

ಮುದುಕ ಇವರನ್ನು ನೋಡಿದ, ಕೆಳಗೆ ಬಸ್ಸಿನ ಬಾಗಿಲಲ್ಲಿ ತಲೆ ಎಣಿಸುತ್ತಿದ್ದ ಅಯ್ಯನವರನ್ನು ನೋಡಿದ. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, ಗುಳಿಯೊಂದರ ಮೇಲೆ ಉಳಿ ಹಿಡಿದು ಸುತ್ತಿಗೆ ಬಡಿಯುವಂತೆ ಕೈಯಾಡಿಸಿ, ಹೆಮ್ಮೆಯಿಂದ ತನ್ನ ಎದೆ ಮುಟ್ಟಿ ತೋರಿಸಿದ. ನಾದಿನಿಗೆ ಆಚೆ ಸರಿಯಲು ಸನ್ನೆ ಮಾಡಿ ತಾನೇ ಆಟಕ್ಕೆ ಕೂತ.