ಹುಲಿಗೆಮ್ಮನ ಸೊಂಟನೋವು

ಪುರಸಭೆಯ ನೌಕರರಿಗೆ ವರ್ಷಕ್ಕೊಮ್ಮೆ ಮಾನವ ಹಕ್ಕುಗಳ ತರಬೇತಿ ಕಡ್ಡಾಯ. ಅದು ಮುಗಿದ ದಿನದಿಂದ, ಯಾರ ಅರ್ಜಿ ಮೇಜಿನ ಮೇಲೆ ಬಿದ್ದಿರುತ್ತದೋ ಅವರ ನೋವು ಆ ನೌಕರನ ಮೈಗೆ ಬರುತ್ತದೆ. ಕೆಲಸ ಆಗುವವರೆಗೂ ಬಿಡುವುದಿಲ್ಲ. ಮೊದಮೊದಲು ಎಲ್ಲರೂ ಹೆದರಿ ಕೆಲಸ ಮಾಡಿದರು. ಈಗ ಮುಲಾಮು ಹಚ್ಚಿಕೊಂಡು ಬರುತ್ತಾರೆ.

ಈ ಸಲವೂ ಸಭಾಂಗಣದ ತುಂಬ ಮುಲಾಮಿನ ವಾಸನೆ. ತರಬೇತಿ ಕೊಡಲು ಬಂದ ನಸ್ರೀನ್ ಮೇಡಂ ಆಕಳಿಸುತ್ತಲೇ ಕೇಳಿದರು, "ಯಾರಿಗರ ನೋವು ಕಡಿಮಿ ಆಗೇತೇನ್ರಿ?"

ನೀರು ಸರಬರಾಜಿನ ಗುಮಾಸ್ತ ಚನ್ನವೀರಪ್ಪ ಕೈ ಎತ್ತಿದ. ಮನೆಗೆ ನಳ ಬೇಕೆಂದು ಅರ್ಜಿ ಕೊಟ್ಟಿದ್ದ ಒಂಟಿ ಮುದುಕಿ ಹುಲಿಗೆಮ್ಮ ದಿನಾ ಬೆಳಿಗ್ಗೆ ಬೋರ್‌ವೆಲ್ಲಿನಿಂದ ಕೊಡ ಹೊತ್ತು ತಂದಾಗಲೆಲ್ಲ ಇವನ ಸೊಂಟ ಹಿಡಿದುಕೊಳ್ಳುತ್ತಿತ್ತು.

"ನಳ ಕೇಳಿದ್ದ ಮುದುಕಿ ನೋವು ಇವತ್ತ ಮುಂಜಾನಿಂದ ಏನೂ ಇಲ್ರಿ ಮೇಡಂ. ಹೂವಿನಂಗ ಹಗುರ ಆಗೇತಿ."

ಎಲ್ಲರೂ ಚಪ್ಪಾಳೆ ತಟ್ಟಿದರು.

"ಭಾಳ ಚಲೋ ಆತು. ಅಂತೂ ಮುದುಕಿಗೆ ನಳ ಕೊಟ್ರಿ."

"ಇಲ್ರಿ..." ಚನ್ನವೀರಪ್ಪನ ದನಿ ಇಳಿಯಿತು. "ಅರ್ಜಿ ಇನ್ನೂ ನನ್ನ ಟೇಬಲ್ ಮ್ಯಾಗ ಐತಿ."

ಚಪ್ಪಾಳೆ ನಿಂತಿತು. ಅವನು ನಿಂತಲ್ಲೇ ಎರಡೂ ಕೈಗಳಿಂದ ಸೊಂಟವನ್ನು ಒತ್ತಿ ಒತ್ತಿ, ಎಲ್ಲಾದರೂ ಒಂದಿಷ್ಟು ನೋವು ಉಳಿದಿದೆಯೇ ಎಂದು ಹುಡುಕತೊಡಗಿದ.