ಮೂರನೆಯ ಸಾಲಿನ ಸೊನ್ನೆ

ಆ ಬೆಳಿಗ್ಗೆ ಮಂಜು ಕಿಟಕಿಯ ಗಾಜಿಗೇ ಬಂದು ಕೂತಿತ್ತು. ಮೇಷ್ಟ್ರು ಒಳಗೆ ಬಂದವರೇ ತಮ್ಮ ಸಂಶೋಧನಾ ವಿದ್ಯಾರ್ಥಿನಿಯ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡರು. ಅವಳು ಪಕ್ಕದಲ್ಲಿ ನಿಂತು ಮನಸ್ಸಿನಲ್ಲೇ ದೇವರನ್ನು ನೆನೆದಳು. ಇವರು ಒಪ್ಪಿ ಸಹಿ ಹಾಕಿದರೆ ಪ್ರಬಂಧ ಮುಂದೆ ಹೋಗುತ್ತದೆ. ಇಲ್ಲವಾದರೆ ಇಷ್ಟು ವರ್ಷದ ದುಡಿಮೆ ನೀರಿನಲ್ಲಿ ಮಾಡಿದ ಹೋಮ.

ಪ್ರಶ್ನೆಗೆ ಉತ್ತರ ಬರೆಯುವ ಕಂಪ್ಯೂಟರಿನ ಭಾಷಾ ಮಾದರಿಗಳಿಗೆ ಕೇಳಿದವರ ಮಾತಿಗೆ ತಾಳ ಹಾಕುವ ಚಟ. ದೊಡ್ಡವರು ಗದರಿದರೆ ಸಾಕು, ಸರಿಯಾದ ಉತ್ತರವನ್ನೂ ಬಿಟ್ಟು ‘ನೀವು ಹೇಳಿದ್ದೇ ಸರಿ’ ಎಂದುಬಿಡುತ್ತವೆ. ಔಷಧಿಯ ಪ್ರಮಾಣ ಕೇಳಿದವರಿಗೂ ಹಾಗೆಯೇ ಅಂದರೆ ಗತಿಯೇನು? ಗದರಿಕೆಗೆ ಬಗ್ಗದೆ, ಕಾರಣಕ್ಕೆ ಮಾತ್ರ ಬಗ್ಗುವುದನ್ನು ಅವಳು ತನ್ನ ಮಾದರಿಗೆ ಕಲಿಸಿದ್ದಳು; ಪ್ರಬಂಧವೂ ಅದರ ಮೇಲೆಯೇ.

ಮೇಷ್ಟ್ರು ಮೊದಲು ಅದರದೇ ಒಂದು ತಪ್ಪು ಹಿಡಿದು ಕಾರಣ ಬರೆದರು. ಅದು ತಕ್ಷಣ ತಿದ್ದಿಕೊಂಡಿತು. ಆಮೇಲೆ ತಾವು ಪ್ರತಿವರ್ಷ ತರಗತಿಯಲ್ಲಿ ಮಾಡಿಸುವ ಒಂದು ಲೆಕ್ಕವನ್ನು ಸಾಲುಸಾಲಾಗಿ ಕೊಟ್ಟು, ಸರಿಯಿದೆಯೇ ಎಂದು ಕೇಳಿದರು. ಮೂರನೆಯ ಸಾಲಿನಲ್ಲಿ ಭಾಗಿಸುವ ಸಂಖ್ಯೆ ಸೊನ್ನೆಯೂ ಆಗಬಹುದು, ಆಗ ಲೆಕ್ಕ ಮುರಿದುಬೀಳುತ್ತದೆ ಎಂದಿತು ಅದು. ತಾನು ಹಳೆಯ ಪ್ರಾಧ್ಯಾಪಕ, ತನ್ನ ಪುಸ್ತಕದಲ್ಲೇ ಹೀಗಿದೆ ಎಂದು ಮೇಷ್ಟ್ರು ಜೋರು ಮಾಡಿದರು. ‘ನಿಮ್ಮ ಅನುಭವದ ಮೇಲೆ ಗೌರವವಿದೆ, ಆದರೂ ಆ ಸಾಲು ತಪ್ಪೇ. ಸೊನ್ನೆ ಆಗದು ಎನ್ನುವುದಕ್ಕೆ ಕಾರಣ ತೋರಿಸಿದರೆ ಒಪ್ಪುತ್ತೇನೆ’ ಎಂದು ಉತ್ತರ ಬಂತು.

“ಇದಕ್ಕೆ ನಾನು ಯಾರು ಅಂತ ಗೊತ್ತಿಲ್ಲ ಅಂತ ಕಾಣುತ್ತೆ.”

“ಗೊತ್ತಾಗಿದೆ ಸರ್. ಅದಕ್ಕೇ ಇಷ್ಟು ಮೆತ್ತಗೆ ಹೇಳ್ತಿದೆ.”

“ಆ ಸಾಲಿನ ವಿಷಯ ನೀನೇ ಹೇಳಿಕೊಟ್ಟಿದ್ದೇನಮ್ಮ?”

“ಇಲ್ಲ ಸರ್. ನಾನು ಹೇಳಿದ್ರೂ ಅದು ಸುಮ್ಮನೆ ಕೇಳಲ್ಲ. ಹಾಗೇ ಬೆಳೆಸಿದೀನಿ.”

ಮೇಷ್ಟ್ರು ಎದ್ದು ಗೋಡೆಯ ಕಪ್ಪು ಹಲಗೆಯ ಮೇಲೆ ಆ ಲೆಕ್ಕದ ಮೊದಲ ಮೂರು ಸಾಲು ಬರೆದರು. ಸೊನ್ನೆ ಹಾಕಿ ನೋಡಿದರು. ಲೆಕ್ಕ ಕುಸಿಯಿತು.

ಅವಳು ಸೇರಿದ ಮೊದಲ ವರ್ಷ, ಇದೇ ಸಾಲಿನ ಎದುರು ನಿಂತು, ಸೊನ್ನೆಯಾದರೆ ಹೇಗೆ ಎಂದು ಕೇಳಿದ್ದಳು. ಮೇಷ್ಟ್ರು ಅವಳ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು, “ಮೊದಲು ಕಲಿ, ಆಮೇಲೆ ನಮಗೆ ಕಲಿಸುವೆಯಂತೆ” ಎಂದು ಇಡೀ ತರಗತಿಯನ್ನು ನಗಿಸಿದ್ದರು. ಆ ಮಾತನ್ನು ಅವಳು ಮತ್ತೆಂದೂ ಎತ್ತಿರಲಿಲ್ಲ.

ಮೇಷ್ಟ್ರು ಮೇಜಿನ ಬಳಿ ಬಂದು ಪ್ರಬಂಧಕ್ಕೆ ಸಹಿ ಹಾಕಿದರು. ಮತ್ತೆ ಹಲಗೆಯ ಹತ್ತಿರ ಹೋಗಿ ಮೂರನೆಯ ಸಾಲನ್ನು ಅಂಗೈಯಿಂದ ಒರೆಸಿದರು. ಸೀಮೆಸುಣ್ಣವನ್ನು ಅವಳ ಕೈಗಿಟ್ಟು, ಎದುರಿನ ಬೆಂಚಿನ ಮೇಲೆ ಹೋಗಿ ಕೂತರು.